ನಡುಗುವ ಬಾಣ

ಗಜೇಂದ್ರಗಡದ ಬಸ್ ನಿಲ್ದಾಣದ ಎದುರಿನ ಮಾಳಿಗೆಯಲ್ಲಿ ಒಂದು ಕಂಪ್ಯೂಟರ್ ಕ್ಲಾಸ್ ಇತ್ತು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿರಬೇಕು. ನಾನು ರಾಜೂರಿನಿಂದ ದಿನಾ ಬಸ್ಸಿಗೆ ಬಂದು ಅಲ್ಲಿ ಪಾಠ ಹೇಳುತ್ತಿದ್ದೆ. ವಯಸ್ಸು ಇಪ್ಪತ್ತೆರಡು, ಜಂಬ ಮಾತ್ರ ಆಕಾಶದಷ್ಟು.

ಬಿಡುವಿನಲ್ಲಿ ನನಗೊಂದು ಹುಚ್ಚು: ಮೌಸಿನ ಬಾಣಕ್ಕೆ ಬೇರೆ ಬೇರೆ ವೇಷ ಹಾಕುವುದು. ಅದಕ್ಕೊಂದು ಪುಟ್ಟ ಸಾಫ್ಟ್‌ವೇರ್ ಸಿಕ್ಕಿತ್ತು. ಅಡ್ಡ ಮೂವತ್ತೆರಡು, ಉದ್ದ ಮೂವತ್ತೆರಡು ಚೌಕ. ಒಂದೊಂದಕ್ಕೂ ಬಣ್ಣ ತುಂಬಬೇಕು. ಸ್ವಲ್ಪ ಸ್ವಲ್ಪವೇ ಬದಲಿಸಿ ಎಂಟು ಚಿತ್ರ ಬರೆದು ಒಂದರ ಹಿಂದೊಂದು ಓಡಿಸಿದರೆ ಪರದೆಯ ಮೇಲೆ ಗಿಳಿ ರೆಕ್ಕೆ ಬಡಿಯುತ್ತಿತ್ತು. ಮೊದಮೊದಲು ನನ್ನ ಗಿಳಿ ಕಾಗೆಯ ಹಾಗಿತ್ತು. ಅದನ್ನು ತಿದ್ದಿಕೊಟ್ಟವರು ನಮ್ಮಲ್ಲಿ ಕಲಿಯಲು ಬರುತ್ತಿದ್ದ ಒಬ್ಬ ನೇಕಾರ ಕಾಕಾ. ಸೀರೆಯ ಅಂಚಿನ ಹೂಬಳ್ಳಿಯನ್ನು ಚೌಕದ ಹಾಳೆಯ ಮೇಲೆ ಬರೆದು ಮಗ್ಗಕ್ಕೆ ಇಳಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು. “ಅಕ್ಕೋರ, ಇಲ್ಲೊಂದು ಚೌಕದ ಮನಿ ಖಾಲಿ ಬಿಡ್ರಿ. ತಾನ ದುಂಡಗ ಕಾಣತೈತಿ” ಎಂದರು. ಬಿಟ್ಟೆ. ಕೊಕ್ಕು ದುಂಡಗಾಯಿತು!

ಅವರಿಗೆ ಐವತ್ತು ದಾಟಿತ್ತು. ಮಗ್ಗ ತುಳಿದು ತುಳಿದು ಮೊಣಕಾಲು ಹೋಗಿದ್ದವು. ಕಂಪ್ಯೂಟರಿನಲ್ಲಿ ಬರೆಯಲು ಕಲಿತರೆ ಅಂಚಿನ ನಕ್ಷೆಯ ಕೆಲಸವನ್ನೆಲ್ಲ ನಿಮಗೇ ಕೊಡುತ್ತೇನೆ, ಇನ್ನು ಮಗ್ಗಕ್ಕೆ ಕೂರುವುದೇ ಬೇಡ ಎಂದು ಅವರ ಸೀರೆ ಕೊಳ್ಳುವ ಸಾವಕಾರರು ಮಾತು ಕೊಟ್ಟಿದ್ದರು. ಅದೇ ಆಸೆಯಿಂದ ಬರುತ್ತಿದ್ದರು. ಆದರೆ ಹಾಳೆಯ ಮೇಲೆ ಒಂದು ಚೌಕ ತಪ್ಪದ ಕೈ, ಮೌಸು ಹಿಡಿದರೆ ಹೆದರಿ ನಡುಗುತ್ತಿತ್ತು. ಎರಡು ವಾರದಲ್ಲಿ ನಡುಕ ಕಡಿಮೆಯಾಗುತ್ತ ಬಂದಿತ್ತು.

ಆಗ ಒಂದು ದಿನ, ಕಾಕಾ ಬರುವ ಮೊದಲು, ನನಗೊಂದು ದುರ್ಬುದ್ಧಿ ಬಂತು. ಮಾಮೂಲಿ ಬಿಳಿ ಬಾಣವನ್ನೇ ಎಂಟು ಸಲ ಬರೆದೆ, ಪ್ರತಿ ಸಲವೂ ಒಂದು ಚೌಕ ಆಚೀಚೆ ಸರಿಸಿ. ಓಡಿಸಿದರೆ ಬಾಣ ಥರಥರ ನಡುಗಿತು. “ಅಯ್ಯ, ಕಾಕಾರ ಕೈ!” ಎಂದು ಕ್ಲಾಸಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಾನು ಉಬ್ಬಿಹೋದೆ. ಬಾಣವನ್ನು ಹಾಗೇ ಬಿಟ್ಟು ಚಹಾಕ್ಕೆಂದು ಕೆಳಗಿಳಿದೆ.

ಮರಳಿ ಬರುವಷ್ಟರಲ್ಲಿ ಕಾಕಾ ಅದೇ ಕಂಪ್ಯೂಟರಿನ ಮುಂದೆ ಕೂತುಬಿಟ್ಟಿದ್ದರು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದಿದ್ದರು. ಬಾಣ ನಡುಗುತ್ತಲೇ ಇತ್ತು. ಕೊನೆಗೆ ಮೌಸು ಬಿಟ್ಟು, ಪರದೆಯ ಕಡೆ ನೋಡದೆ, ತಮ್ಮ ಅಂಗೈಯನ್ನೇ ಹೊರಳಿಸಿ ಹೊರಳಿಸಿ ನೋಡಿಕೊಂಡರು.

“ಸುಧಾರಿಸಿತ್ತರಿ ಅಕ್ಕೋರ. ಇವತ್ತ ಭಾಳ ಆಗೇತಿ. ನರಾನ ಹೋದುವೇನೋ.”

ಹೇಳಬಹುದಿತ್ತು. ಒಂದೇ ಮಾತು. ಹಿಂದೆ ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಿಂತಿದ್ದರು. ಅವರೆದುರು ಸಣ್ಣವಳಾಗಲು ನನಗೆ ಮನಸ್ಸಾಗಲಿಲ್ಲ. “ನಾಳೆ ಚಲೋ ಆಗತೈತಿ ಬಿಡ್ರಿ ಕಾಕಾರ” ಎಂದೆ. ಥೂ, ನನ್ನ ಬಾಯಿಗೆ ಮಣ್ಣು ಬೀಳಲಿ!

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ನಾಚಿಕೆಯಿಂದ ಸಾಯುತ್ತ ಅವರ ಮನೆಗೆ ಹೋದೆ. ಈ ಕೆಲಸ ನನ್ನಿಂದ ಆಗುವುದಿಲ್ಲ ಎಂದು ಸಾವಕಾರರಿಗೆ ಹೇಳಿ ಬಂದಿದ್ದರಂತೆ. ಆಗಲೇ ಅದು ಬೇರೆಯವರ ಪಾಲಾಗಿತ್ತು. ನಿಂತಲ್ಲೇ ಎಲ್ಲವನ್ನೂ ಒದರಿಬಿಟ್ಟೆ. ಬೈಯಲಿ, ಹೊರಗೆ ಹಾಕಲಿ ಎಂದುಕೊಂಡಿದ್ದೆ. ಕಾಕಾರ ಮುಖ ಅರಳಿತು.

“ಹಂಗಾರ ನನ್ನ ಕೈ ಚಲೋ ಐತೇನ್ರಿ? ಏ, ಕೇಳಿದೇನ? ಕೈಗೆ ಏನೂ ಆಗಿಲ್ಲಂತ! ಅಕ್ಕೋರಿಗೆ ಚಹಾ ಇಡು!”

ಕೈತಪ್ಪಿದ ಕೆಲಸದ ಮಾತನ್ನು ಅವರು ಎತ್ತಲೇ ಇಲ್ಲ. ಅವರ ಹೆಂಡತಿ ಒಲೆಯ ಕಡೆ ಹೋಗದೆ ನನ್ನನ್ನೇ ನೋಡುತ್ತ ನಿಂತರು.

“ಮೂರ ದಿನಾ ರೊಟ್ಟಿ ತುತ್ತು ಹಿಡದು, ಕೈ ನಡಗತೈತೇನಂತ ನೋಡಕೋತ ಕುಂತಾರ್ರಿ. ಸರಿಯಾಗಿ ಉಂಡಿಲ್ಲ. ಅಕ್ಕೋರ, ನಿಮಗ ಖರೇನ ನಗು ಬಂತೇನ್ರಿ?”

ಬಂದಿತ್ತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆ. ಎಲ್ಲ ಹೇಳಿದವಳು ಅದೊಂದಕ್ಕೆ ಹೌದು ಎನ್ನದೆ, ಚಹಾ ಬೇಡವೆಂದು ಚಪ್ಪಲಿ ಮೆಟ್ಟಿದೆ.