ನಲವತ್ತು ಸಸಿಗಳ ಮೇಜು

ಬೆಳಗಿನ ಐದೂವರೆ. ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಹಿಂದಿನ ಗಾಜಿನ ಮನೆಯಲ್ಲಿ ಒಬ್ಬ ಹೆಂಗಸು ಒಂದೊಂದೇ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ಕಾಲು ಸುತ್ತು ತಿರುಗಿಸುತ್ತಿದ್ದಾರೆ. ಅಂಚಿನಲ್ಲಿ ಸೀಮೆಸುಣ್ಣದ ಗೆರೆ. ಇವತ್ತು ಅದು ಬಾಗಿಲ ಕಡೆಗೆ. ನಾಲ್ಕು ದಿನಕ್ಕೆ ಒಂದು ಪೂರ್ತಿ ಸುತ್ತು. ಒಟ್ಟು ನಾನ್ನೂರ ಹನ್ನೆರಡು ಕುಂಡ. ಕೈಜೋಡಿಸಲು ಹೋದ ನನಗೆ ಇಪ್ಪತ್ತಕ್ಕೇ ಸೊಂಟ ಹಿಡಿದುಕೊಂಡಿತು.

"ಬಿಡಿ, ನಿಮ್ಮದು ಪೆನ್ನು ಹಿಡಿಯೋ ಕೈ," ಎಂದು ನಗುತ್ತಾರೆ.

ಎಲ್ಲರಿಗೂ ಇವರು ಕುಂಡದಕ್ಕ. ಗಂಡ ತೀರಿಕೊಂಡ ಮೇಲೆ ಕಸ ಗುಡಿಸುವ ಕೆಲಸಕ್ಕೆಂದು ಬಂದು ಇಪ್ಪತ್ತಮೂರು ವರ್ಷವಾಯಿತು. ವಿಭಾಗದ ಗೋಡೆಯಲ್ಲಿರುವ ಗುಂಪು ಫೋಟೊಗಳಲ್ಲಿ ಒಂದರಲ್ಲೂ ಇವರ ಮುಖವಿಲ್ಲ. ಗಿಡಗಳು ಕಿಟಕಿಯತ್ತ ವಾಲುವುದನ್ನು ಕಂಡು, ಯಾರೂ ಹೇಳದೆಯೇ ತಿರುಗಿಸತೊಡಗಿದವರು.

"ನೆರಳಿರೋ ಪಕ್ಕದ ಕಾಂಡ ಜಾಸ್ತಿ ಉದ್ದ ಆಗುತ್ತೆ, ಅದಕ್ಕೇ ಗಿಡ ಬೆಳಕಿನ ಕಡೆ ಬಾಗುತ್ತೆ. ಬೇರು ಉಲ್ಟಾ. ಆ ಗಾಜಿನ ಜಾಡೀಲಿ ನೋಡಿ, ಹೊಸ ನೆಂಟರನ್ನ ಕಂಡ ಮಗು ಥರ ಬೆಳಕಿಂದ ಹಿಂದೆ ಸರಿದಿದೆ."

ಕಿಟಕಿ ಪಕ್ಕದ ಒಂದು ಮೇಜು ಮಾತ್ರ ಖಾಲಿ. ಯಾಕೆಂದು ಕೇಳಿದೆ. ಅಕ್ಕನ ಮುಖ ಸಪ್ಪಗಾಯಿತು.

ಎರಡು ವರ್ಷದ ಹಿಂದೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಅಲ್ಲಿ ನಲವತ್ತು ಸಸಿ ಇಟ್ಟಿದ್ದಳು. ಒಂದೇ ಕಡೆಯ ಬೆಳಕಿಗೆ ಯಾವುದು ಎಷ್ಟು ಬಾಗುತ್ತದೆಂದು ದಿನವೂ ಅಳೆದು ಬರೆಯುತ್ತಿದ್ದಳು. ಜ್ವರ ಬಂದು ಹನ್ನೊಂದು ದಿನ ಮಲಗಿದಾಗ, ನೀರು ಹಾಕುವಂತೆ ಅಕ್ಕನಿಗೆ ಫೋನ್ ಮಾಡಿದಳು.

"ಹೋಗಿ ನೋಡಿದ್ರೆ ಎಲ್ಲಾ ಸೊಟ್ಟಗೆ ವಾಲ್ಕೊಂಡಿದ್ವು. ಬಾಗಲಿ ಅಂತಲೇ ಇಟ್ಟಿದಾಳೆ ಅಂತ ನನಗೇನು ಗೊತ್ತು? ಅಯ್ಯೋ ಪಾಪ, ಬಂದು ನೋಡಿದ್ರೆ ನೊಂದ್ಕೊಳ್ತಾಳೆ ಅಂತ ದಿನಾ ತಿರುಗಿಸಿದೆ. ಅವಳು ಬರೋ ಹೊತ್ತಿಗೆ ನಲವತ್ತೂ ನೆಟ್ಟಗೆ ನಿಂತಿದ್ವು."

ಹುಡುಗಿಯ ಸಂಶೋಧನೆ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಅಕ್ಕನನ್ನು ಕರೆಸಿ, ಕುಂಡ ಮುಟ್ಟಿದಿರಾ ಎಂದು ಕೇಳಿದರು. "ಅವರ ಸಿಟ್ಟು ನೋಡಿದೆ. ಕೆಲಸ ಹೋದ್ರೆ? ಇಲ್ಲ ಸಾರ್ ಅಂದ್ಬಿಟ್ಟೆ."

ಹಾಗಾದರೆ ಹುಡುಗಿ ಬರೆದ ಅಳತೆಗಳೆಲ್ಲ ಕಟ್ಟುಕತೆ ಎಂದು ತೀರ್ಮಾನವಾಯಿತು. ಎಲ್ಲರೆದುರು ಬೈಗುಳ. ಮರುದಿನ ಅವಳು ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ. ಫೋನ್ ನಂಬರೂ ಬದಲಾಗಿದೆ.

ಹೋದ ತಿಂಗಳು ಅಕ್ಕ ಧೈರ್ಯ ಮಾಡಿ ಮೇಷ್ಟ್ರ ಮುಂದೆ ನಿಜ ಹೇಳಿದ್ದಾರೆ. "ಹಳೇ ಕತೆ, ಬಿಡಿ" ಎಂದರಂತೆ. ಬಿಡಬೇಕಂತೆ! ಅವರಿಗೇನು, ಹೇಳಿದಷ್ಟು ಸುಲಭ. ಅಕ್ಕನಿಗೆ ಅನ್ನ ಇಳಿಯುತ್ತಿಲ್ಲ.

ಹೊರಡುವಾಗ ಪತ್ರಿಕೆಗೆಂದು ಒಂದು ಫೋಟೊ ತೆಗೆಯಲು ಕ್ಯಾಮೆರಾ ಎತ್ತಿದೆ. ಅಕ್ಕ ಕೈ ಅಡ್ಡ ಹಿಡಿದರು.

"ನನ್ನ ಮುಖ ಯಾರಿಗೆ ಬೇಕು? ಆ ಜಾಗದಲ್ಲಿ ಒಂದು ಮಾತು ಹಾಕಿ. ಎಲ್ಲಾದ್ರೂ ಅವಳ ಕಣ್ಣಿಗೆ ಬೀಳಲಿ. ನೀನು ಬರೆದಿದ್ದು ಸುಳ್ಳಲ್ಲ ಕಣಮ್ಮಾ. ಗಿಡ ಬಾಗಿತ್ತು. ನೆಟ್ಟಗೆ ಮಾಡಿದ್ದು ನಾನು."