ಉಪ್ಪುನೀರಿಗಿಳಿದ ಭತ್ತ

ನಮ್ಮ ಅಂಗಳಕ್ಕೆ ಕೋಳಿತತ್ತಿ ಬರುವುದು ವರ್ಷಕ್ಕೊಮ್ಮೆ, ಅದೂ ಸಕಲ ಮರ್ಯಾದೆಯೊಂದಿಗೆ. ದಾಸನಕೊಪ್ಪದ ಅಂಗಡಿಯಿಂದ ತಂದ ಕೇಕಿಗೆ ತತ್ತಿಯ ಗಾಳಿ ಸೋಕಿದೆಯೇ ಎಂದು ಮೂಗಿನಿಂದಲೇ ವಿಚಾರಣೆ ನಡೆಸುವ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಿತ್ತನೆಯ ಹೊತ್ತಿಗೆ ಮಾತ್ರ ನನ್ನನ್ನು ಹಿಂದಿನ ಓಣಿಗೆ ಅಟ್ಟುತ್ತಾಳೆ: “ಇವತ್ತ ಇಟ್ಟಿದ್ದ ಬೇಕು, ನೋಡು.” ಹಳತಾದರೆ ಅದು ಎಂಥ ನೀರಿನಲ್ಲೂ ತೇಲುತ್ತದೆ, ಅದರ ಸಾಕ್ಷಿ ನಡೆಯುವುದಿಲ್ಲ. ಹೊಸ ತತ್ತಿ ತೇಲುವಷ್ಟು ಉಪ್ಪು ಕರಗಿದರೆ ನೀರು ಸಿದ್ಧ. ಅದರಲ್ಲಿ ಗಟ್ಟಿ ಬೀಜ ತಳ ಸೇರುತ್ತದೆ, ಜೊಳ್ಳೂ ರೋಗ ತಿಂದದ್ದೂ ಮೇಲೇಳುತ್ತದೆ.

ಆಲೂಗಡ್ಡೆಯೂ ಆದೀತು ಎಂದು ಕೃಷಿ ಇಲಾಖೆಯವರು ಹೇಳಿದ್ದನ್ನು ನಾನು ಅವರದೇ ಗಂಟಲಿನಲ್ಲಿ, “ಆತ್ಮೀಯ ರೈತ ಬಾಂಧವರೇ” ಎಂದು ರಾಗವೆಳೆದು ಒಪ್ಪಿಸಿದೆ. “ಆಲೂಗಡ್ಡಿ ನಿನ್ನಂಗ, ನಂಬಾಕ ಆಗಂಗಿಲ್ಲ. ಹೋಗೋ” ಅಂದಳು. ಆಲೂಗಡ್ಡೆಗೂ ನನಗೂ ಇರುವ ಮುಖಸಾಮ್ಯವನ್ನು ಕನ್ನಡಿ ಎಂದೋ ಒಪ್ಪಿರುವುದರಿಂದ ವಾದಿಸಲಿಲ್ಲ.

ಈ ಸಲದ ಪರೀಕ್ಷೆ ಕಠಿಣದ್ದು. ಕಳೆದ ವರ್ಷ ಬೆಂಕಿ ರೋಗ ಬಂದು ತೆನೆಗಳೆಲ್ಲ ಕತ್ತು ಮುರಿದುಕೊಂಡಿದ್ದವು. ಆಯಿ ಮದುವೆಯಾಗಿ ಬಂದಂದಿನಿಂದ ಕಾಪಾಡಿದ ಕೆಂಪಕ್ಕಿ ಭತ್ತದಲ್ಲಿ ಬೀಜಕ್ಕೆ ಉಳಿದದ್ದು ಒಂದೇ ಚೀಲ; ಊರಲ್ಲಿ ಬೇರೆ ಯಾರ ಬಳಿಯೂ ಅದಿಲ್ಲ. ಬೇಸಾಯ ನೋಡಿಕೊಳ್ಳುವ ಅಣ್ಣ ಮೊದಲೇ ಖಡಾಖಂಡಿತ ಹೇಳಿದ್ದ: “ಅರ್ಧಕ್ಕಿಂತ ಹೆಚ್ಚು ತೇಲಿದ್ರ ಮುಗೀತು ಆಯಿ. ಇಡೀ ಗದ್ದಿಗೆ ಅಂಗಡಿ ಬೀಜ.”

ನಾನು ಬಕೆಟ್ಟಿನ ಬಳಿ ಬಗ್ಗಿ, “ಉಪ್ಪು ಒಂಚೂರು ಕಮ್ಮಿ ಮಾಡೋಣೇನು?” ಎಂದು ಪಿಸುಗುಟ್ಟಿದೆ. ನೀರು ಸಪ್ಪೆಯಾದರೆ ಅರೆತುಂಬಿದ ಕಾಳೂ ಮುಳುಗಿ ಸಜ್ಜನರ ವೇಷ ಹಾಕುತ್ತದಲ್ಲ!

“ನೀರಿಗೆ ಸುಳ್ಳು ಹೇಳಿದಿ ಅಂತಿಟ್ಕೋ. ನಾಳೆ ಗದ್ದಿ ಕೇಳಿದ್ರ ಅದರ ಮುಂದೂ ಮಿಮಿಕ್ರಿ ಮಾಡ್ತೀಯೇನು?” ಎಂದವಳೇ ಇನ್ನೊಂದು ಹಿಡಿ ಉಪ್ಪು ಸುರಿದಳು. ಚಿಪ್ಪಿನ ಸೌಟಿನಲ್ಲಿ ಇಳಿಬಿಟ್ಟಿದ್ದ ತತ್ತಿ ತಳ ಬಿಟ್ಟೆದ್ದು, ರೂಪಾಯಿಯಗಲ ನೆತ್ತಿ ತೋರಿಸಿತು.

ಭತ್ತ ಸುರಿದಳು. ಎದ್ದಿತು, ಏಳುತ್ತಲೇ ಇತ್ತು, ನೀರೇ ಕಾಣದಂತೆ ಮುಚ್ಚಿತು. ನೀವೇ ಹೇಳಿ ಗೆಳೆಯರೇ, ತಾನು ಸಾಕಿದ್ದನ್ನು ಹೀಗೆ ಪರೀಕ್ಷೆಗೊಡ್ಡುವ ಧೈರ್ಯ ನಮ್ಮಲ್ಲೆಷ್ಟು ಜನರಿಗಿದೆ? ನನ್ನನ್ನೇ ಆ ಬಕೆಟ್ಟಿಗಿಳಿಸಿದರೆ ಪದವಿ, ಪ್ರತಿಜ್ಞೆಗಳು, ಬೆಳಿಗ್ಗೆ ಬೇಗ ಏಳುವ ಸಂಕಲ್ಪ ಎಲ್ಲ ತೇಲಿ, ತಳದಲ್ಲಿ ಬಹುಶಃ ಹಸಿವೊಂದೇ ಉಳಿದೀತು. ಆಯಿ ಮಾತ್ರ ಬುಟ್ಟಿಯಿಂದ ಬಾಚಿ ಬಾಚಿ ತೆಗೆದಳು, ನಿಟ್ಟುಸಿರಿಲ್ಲ, ಅಂಗಲಾಚಿಕೆಯಿಲ್ಲ.

ಅರ್ಧಕ್ಕಿಂತ ಹೆಚ್ಚೇ ತೇಲಿತ್ತು. ಆಯಿ ಅಣ್ಣನತ್ತ ನೋಡದೆ, ಮುಳುಗಿದ್ದನ್ನು ಸಿಹಿನೀರಿನಲ್ಲಿ ಜಾಲಾಡಿದಳು, ಒಂದು ಕಾಳನ್ನು ನಾಲಗೆಗಿಟ್ಟು ಉಪ್ಪಿನ ಸುಳಿವಿದೆಯೇ ನೋಡಿದಳು, ಮತ್ತೆ ಜಾಲಾಡಿದಳು. ಆಮೇಲೆ ಅಣ್ಣನೇ ತಂದಿಟ್ಟಿದ್ದ ಪುಡಿ ಬೆರೆಸಿದಳು. ಅದೊಂದು ಜೀವಂತ ಬೂಷ್ಟು, ಅಂದರೆ ಶಿಲೀಂಧ್ರ. ರೋಗ ತರುವ ಬೂಷ್ಟನ್ನೇ ತಿಂದು ಬೀಜ ಕಾಯುತ್ತದಂತೆ. ತೊಟ್ಟಿಲ ಕೂಸಿಗೆ ಎಣ್ಣೆ ತಿಕ್ಕುವ ಹದದಲ್ಲಿ ಅವಳ ಬೆರಳುಗಳು ಓಡಾಡುತ್ತಿದ್ದವು. ಎಲ್ಲರನ್ನೂ ಆಡಿಕೊಳ್ಳುವ ನನಗೂ ಆಗ ಕೈ ಮುಗಿಯಬೇಕೆನಿಸಿತು.

ಬಿಸಿಲಲ್ಲಿ ಚಾಪೆ ಹಾಸಹೊರಟವನು ನಾನೇ. “ಲೇ, ಬಿಸಿಲಿಗೆ ಬ್ಯಾಡ! ಪುಡಿಯೊಳಗಿನ ಜೀವ ಸಾಯ್ತದ” ಎಂದು ಅಣ್ಣ ಓಡಿಬಂದು, ಚಾಪೆಯನ್ನು ನೆರಳಿಗೆಳೆದು, ತಾನೇ ಕೂತು ಕಾಳು ಹರವಿದ.

“ಮುಗೀತು ಅಂದಿದ್ದಿ. ಮತ್ಯಾಕೋ ಈ ಉಪಚಾರ?” ಆಯಿ ಕೇಳಿದಳು.

ಉತ್ತರ ಬಂದದ್ದು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟ ಬೀಜ ಬೆಳ್ಳಗೆ ಮೂತಿ ತೋರಿದ ಬೆಳಿಗ್ಗೆ. ಅಣ್ಣ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಹೆಗಲಿಗೇರಿಸಿದ. “ಕೆರಿ ಕೆಳಗಿನ ಗದ್ದಿ ಇದಕ್ಕ. ಉಳಿದದ್ದಕ್ಕ ಅಂಗಡೀದು.”

“ಮೆಲ್ಲಕ ನಡಿಯೋ, ಮೊಳಕಿ ಮುರೀತಾವ.”

ಟ್ರ್ಯಾಕ್ಟರನ್ನೂ ಬೈಕಿನಂತೆ ಹಾರಿಸುವ ನಮ್ಮಣ್ಣ, ತುಂಬಿದ ಕೊಡ ಹೊತ್ತವರಂತೆ ಹೆಜ್ಜೆಯ ಮುಂದೆ ಹೆಜ್ಜೆಯಿಡುತ್ತ ಕೆರೆಯ ಏರಿ ದಾಟಿದ.