ಸೋತ ಆಟದ ಕ್ಯಾಸೆಟ್ಟು

ಉಡುಪಿಯ ಬನ್ನಂಜೆಯಲ್ಲಿರುವ ನಮ್ಮ ಮನೆಯ ಕಿಟಕಿಯ ದಂಡೆಯ ಮೇಲೆ, ತಂದೆಯವರ ಹೊಲಿಗೆ ಯಂತ್ರದಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಅಂಗಿಯ ಗುಂಡಿಗಳನ್ನು ಹಾಕಿಡುವ ಕಪ್ಪು ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಂದಿದೆ. ಅದು ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ. ಪುಸ್ತಕಕ್ಕಿರುವಂತೆ ಬೆನ್ನಿನ ಮೇಲೊಂದು ಹೆಸರೂ ಇದೆ: ‘ಚರ್ಚಾಸ್ಪರ್ಧೆ, ಪ್ರಥಮ ಬಹುಮಾನ’. ಅಕ್ಷರ ನನ್ನದು, ಅಹಂಕಾರವೂ ನನ್ನದೇ. ಅದು ವಿಡಿಯೊ ಕ್ಯಾಸೆಟ್ಟಿನ ಪೆಟ್ಟಿಗೆ. ಒಳಗೆ ಈಗ ಕ್ಯಾಸೆಟ್ಟಿಲ್ಲ. ತಂದೆ ಅದನ್ನೆತ್ತಿ ಅಲ್ಲಾಡಿಸಿ, ಸದ್ದಿನ ಮೇಲೆಯೇ ಎಷ್ಟು ಗುಂಡಿ ಉಳಿದಿದೆಯೆಂದು ಅಂದಾಜು ಮಾಡುತ್ತಾರೆ. ಆ ಸದ್ದು ಕೇಳಿದಾಗಲೆಲ್ಲ ನನಗೆ ಅಮೆರಿಕದ ಫುಟ್‌ಬಾಲಿನ ಎರಡು ಅಂತಿಮ ಪಂದ್ಯಗಳು ನೆನಪಾಗುತ್ತವೆ. ಗುಂಡಿಗೂ ಫುಟ್‌ಬಾಲಿಗೂ ಎಂತ ಸಂಬಂಧ ಎಂದು ನೀವು ಕೇಳಬಹುದು, ಕೇಳಲೇಬೇಕು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ನಾನು ಹೈಸ್ಕೂಲಿನಿಂದ ತಪ್ಪದೆ ನಡೆಸಿಕೊಂಡು ಬಂದ ಏಕೈಕ ವ್ರತ.

ನಾಲ್ಕು ವರ್ಷಗಳ ಹಿಂದೆ, ಉಡುಪಿಯಲ್ಲಿ ಕಾನೂನು ಓದುತ್ತಿದ್ದ ಕಾಲದಲ್ಲಿ, ಮಣಿಪಾಲದಲ್ಲಿ ವೈದ್ಯಕೀಯ ಓದಲು ಬಂದಿದ್ದ ದಿನೇಶನೆಂಬ ಹುಡುಗನಿಗೆ ವಾರಕ್ಕೆರಡು ದಿನ ಕನ್ನಡ ಹೇಳಿಕೊಡುತ್ತಿದ್ದೆ. ಅವನ ತಂದೆ ಕಾರ್ಕಳದವರು. ಇವನು ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಮನೆಯಲ್ಲಿ ಕಲಿತ ಕೊಂಕಣಿ ಬಾಯಲ್ಲಿತ್ತು. ಆದರೆ ವಾರ್ಡಿನಲ್ಲಿ ಮಲಗಿದವರ ಹತ್ತಿರ ಹೋಗಿ ನೋವು ಎಲ್ಲಿ, ಯಾವಾಗಿನಿಂದ ಎಂದು ವಿಚಾರಿಸಲು ಕನ್ನಡ ಬೇಕಿತ್ತು. ಅವನ ಹಾಸ್ಟೆಲ್ ಕೋಣೆಯ ಮೇಜಿನ ಮೇಲೆ ಎರಡು ವಿಡಿಯೊ ಕ್ಯಾಸೆಟ್ಟುಗಳಿದ್ದವು. ಅವನ ಊರಿನ ತಂಡ ಎರಡು ಬಾರಿ ದೇಶದ ಅಂತಿಮ ಪಂದ್ಯಕ್ಕೆ ಏರಿತ್ತಂತೆ. ಎರಡನ್ನೂ ಅವನ ತಂದೆ ಮನೆಯ ಟಿ.ವಿ.ಯಿಂದ ಹಿಡಿದಿಟ್ಟು, ಬೆನ್ನಿನ ಮೇಲೆ ಕನ್ನಡದಲ್ಲಿ ಬರೆದಿದ್ದರು: ಒಂದರ ಮೇಲೆ ‘ಸೋತದ್ದು’, ಇನ್ನೊಂದರ ಮೇಲೆ ‘ಗೆದ್ದದ್ದು’. ನನ್ನ ಪಾಠ ಶುರುವಾಗುವ ಮೊದಲು ದಿನೇಶ ಓದಬಲ್ಲವನಾಗಿದ್ದ ಕನ್ನಡ ಇಷ್ಟೇ, ಎರಡು ಪದ. ಮನುಷ್ಯನ ಚರಿತ್ರೆಯನ್ನು ಬರೆಯಲು ಬಹುಶಃ ಅಷ್ಟೇ ಸಾಕು.

ಕ್ಯಾಸೆಟ್ಟಿದ್ದರೂ ಅವನಿಗೆ ನೋಡುವ ದಾರಿಯಿರಲಿಲ್ಲ. ಅಮೆರಿಕದ ಕ್ಯಾಸೆಟ್ಟನ್ನು ಇಲ್ಲಿಯ ಯಂತ್ರಕ್ಕೆ ಹಾಕಿದರೆ ಬಣ್ಣ ಬಿಟ್ಟುಹೋಗಿ ಚಿತ್ರ ಮೇಲಿಂದ ಕೆಳಕ್ಕೆ ಉರುಳುತ್ತದೆ. ಎಲ್ಲ ದೇಶದ ಕ್ಯಾಸೆಟ್ಟನ್ನೂ ಜಾತಿ ಕೇಳದೆ ಒಳಗೆ ಬಿಟ್ಟುಕೊಳ್ಳುವ ಯಂತ್ರ ನನಗೆ ತಿಳಿದಂತೆ ಒಂದೇ ಕಡೆ ಇತ್ತು: ಕಾಪುವಿನ ಹಸನಾಕನ ಮನೆಯಲ್ಲಿ. ಹನ್ನೆರಡು ವರ್ಷ ದುಬೈಯಲ್ಲಿ ದುಡಿದು ಬಂದು ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಹಸನಬ್ಬ ಬ್ಯಾರಿಗಳನ್ನು ನಾವೆಲ್ಲ ಕರೆಯುತ್ತಿದ್ದದ್ದು ಹಾಗೆ. ಅವರ ಅಂಗಡಿಯಲ್ಲಿ ಬಟ್ಟೆ ಕೊಂಡವರ ಅಂಗಿಗಳನ್ನು ನನ್ನ ತಂದೆ ಹೊಲಿಯುತ್ತಿದ್ದರು. ದುಬೈಯಿಂದ ತಂದ ವಿಡಿಯೊ ಕ್ಯಾಮೆರಾ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಹಸನಾಕ ಮೊದಲು ಚಿತ್ರ ತೆಗೆದದ್ದೇ ಉಡುಪಿಯಲ್ಲಿ ನಡೆದ ನನ್ನ ಚರ್ಚಾಸ್ಪರ್ಧೆಯನ್ನು. ಆ ಕ್ಯಾಸೆಟ್ಟನ್ನು ನನಗೇ ಉಡುಗೊರೆ ಕೊಟ್ಟರು. ನೋಡಲು ಯಂತ್ರವಿಲ್ಲದ ನಮ್ಮ ಮನೆಯಲ್ಲಿ ಅದು ಗಾಜಿನ ಕಪಾಟಿನೊಳಗೆ ನೈವೇದ್ಯವಿಲ್ಲದ ದೇವರ ಹಾಗೆ ಕುಳಿತಿತ್ತು.

ಹೀಗಾಗಿ ಭಾನುವಾರ ಮಧ್ಯಾಹ್ನಗಳಲ್ಲಿ ನಾನೂ ದಿನೇಶನೂ ಕಾಪುವಿಗೆ ಹೋಗುವುದು ರೂಢಿಯಾಯಿತು. ಈ ಆಟವನ್ನು ನೀವು ನೋಡಿರಲಿಕ್ಕಿಲ್ಲ. ಹೆಸರು ಫುಟ್‌ಬಾಲ್, ಆದರೆ ಕಾಲಿನಿಂದ ಒದೆಯುವವನು ಅಪರೂಪಕ್ಕೆ ಒಳಗೆ ಬರುತ್ತಾನೆ. ಚೆಂಡಿನ ಎರಡು ತುದಿಯೂ ಚೂಪು. ಭುಜಕ್ಕೆ ದಿಂಬು ಕಟ್ಟಿಕೊಂಡ ದೈತ್ಯರು ಐದು ಸೆಕೆಂಡು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮತ್ತೆ ಅರ್ಧ ನಿಮಿಷ ಬಗ್ಗಿ ತಲೆಗೆ ತಲೆ ಕೊಟ್ಟು ಪಿಸುಗುಡುತ್ತಾರೆ. “ಇದು ಆಟವೋ ಪಂಚಾಯತ್ ಮೀಟಿಂಗೋ ಮಾರಾಯ?” ಎಂದು ಹಸನಾಕ ಮೊದಲ ದಿನವೇ ಕೇಳಿದ್ದರು. ನಾನೂ ಒಂದು ಎಡವಟ್ಟು ಮಾಡಿದೆ. ಒಂದೇ ಓಟವನ್ನು ಬೇರೆ ಬೇರೆ ಕಡೆಯಿಂದ ನಿಧಾನವಾಗಿ ಮತ್ತೆ ಮತ್ತೆ ತೋರಿಸುತ್ತಾರೆಂದು ತಿಳಿಯದೆ, ಪ್ರತಿ ಸಲವೂ ಅಂಕ ಕೂಡಿಸುತ್ತಾ ಹೋಗಿ, ದಿನೇಶನ ತಂಡ ಧಾರಾಳವಾಗಿ ಗೆಲ್ಲುತ್ತಿದೆಯೆಂದು ಅವನ ಬೆನ್ನು ತಟ್ಟಿದೆ. ಅದು ‘ಸೋತದ್ದು’ ಕ್ಯಾಸೆಟ್ಟು. ನಾನು ಎಣಿಸುತ್ತಿದ್ದದ್ದು ಎದುರಾಳಿಯ ಅಂಕ.

ನಿಯಮ ತಿಳಿದ ಮೇಲೆ ಮಾತ್ರ ನನಗೆ ಆ ಆಟದ ಮೇಲೆ ಪ್ರೀತಿ ಹುಟ್ಟಿತು. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಇನ್ನೂ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಇದು ವಾದವಲ್ಲದೆ ಮತ್ತೇನು? ಗೆಲ್ಲಬೇಕಾದವನು ಒಮ್ಮೆಗೇ ಹಾರಬೇಕಾಗಿಲ್ಲ, ಎದುರಾಳಿ ನಿಂತ ನೆಲವನ್ನು ಗಜಗಜವಾಗಿ ಕಿತ್ತುಕೊಂಡರೆ ಸಾಕು. ಎರಡು ಪಂದ್ಯಗಳನ್ನು ಹೋಲಿಸುವ ಚಟ ಹತ್ತಿದ್ದು ಆಗಲೇ. ‘ಸೋತದ್ದು’ ಅರ್ಧ ದಾರಿಯಲ್ಲೇ ತೀರ್ಮಾನವಾದ ಆಟ. ಉಳಿದರ್ಧದಲ್ಲಿ ಗಡಿಯಾರ ಮಾತ್ರ ಆಡುತ್ತಿತ್ತು. ‘ಗೆದ್ದದ್ದು’ ಕೊನೆಯ ನಿಮಿಷದವರೆಗೂ ತೂಗುಯ್ಯಾಲೆ: ನಾಲ್ಕನೆಯ ಅವಕಾಶದಲ್ಲಿ, ಮೂರು ಜನ ಮೈಮೇಲೆ ಬೀಳುತ್ತಿರುವಾಗ, ಒಬ್ಬ ಆಟಗಾರ ಎಸೆದ ಚೆಂಡನ್ನು ಇನ್ನೊಬ್ಬ ಗೆರೆಯ ಅಂಚಿನಲ್ಲಿ ಬೆರಳ ತುದಿಯಿಂದ ಹಿಡಿದ. ಯಾವುದು ದೊಡ್ಡ ಆಟವೆಂದು ಕೇಳುವುದೇ ಅಸಂಬದ್ಧ ಎಂಬುದು ನನ್ನ ತೀರ್ಪಾಗಿತ್ತು. ವಿಚಿತ್ರವೆಂದರೆ ದಿನೇಶ ಪ್ರತಿ ಭಾನುವಾರವೂ ‘ಸೋತದ್ದು’ ಹಾಕಲು ಹೇಳುತ್ತಿದ್ದ. ಅದೂ ಎರಡನೆಯ ಅರ್ಧವನ್ನು.

ಪ್ರಶ್ನೆ ನಿಜವಾಗಿ ಎದ್ದದ್ದು ಹಸನಾಕನ ಮಗಳು ಝುಬೈದಾಳ ಮದುವೆ ಹತ್ತಿರ ಬಂದಾಗ. ಮದುವೆಗೆಂದು ದುಬೈಯಿಂದ ಖಾಲಿ ಕ್ಯಾಸೆಟ್ಟುಗಳನ್ನು ತರುತ್ತಿದ್ದ ನೆಂಟರು ಮುಂಬಯಿಯಲ್ಲೇ ಸಿಕ್ಕಿಹಾಕಿಕೊಂಡರು. ಇಲ್ಲಿಯ ಅಂಗಡಿಗಳಲ್ಲಿ ಅಂಥದ್ದು ಸಿಗುತ್ತಿರಲಿಲ್ಲ. ಮನೆಯಲ್ಲಿ ಉಳಿದದ್ದು ಎರಡು: ಒಂದು ನಿಕಾಹಿಗೆ, ಒಂದು ಊಟಕ್ಕೂ ನೆಂಟರಿಗೂ. ಝುಬೈದಾಳಿಗೆ ಬೇಕಾಗಿದ್ದದ್ದು ಮೂರನೆಯದು. ಮೈಲಾಂಜಿಯ ದಿನ, ಎಂದರೆ ಮದುಮಗಳ ಕೈಗೆ ಮದರಂಗಿ ಹಚ್ಚುವ ದಿನ, ಅವಳ ಅಜ್ಜಿ ತಮ್ಮ ಮನೆಮಾತಾದ ಬ್ಯಾರಿ ಭಾಷೆಯ ಹಳೆಯ ಹಾಡುಗಳನ್ನು ಹಾಡುವವರಿದ್ದರು. ಆ ಹಾಡುಗಳು ಪೂರ್ತಿಯಾಗಿ ಬರುತ್ತಿದ್ದದ್ದು ಆ ಮನೆಯಲ್ಲಿ ಅಜ್ಜಿಗೊಬ್ಬರಿಗೇ, ಅವರಿಗೆ ಓದುಬರಹವಿರಲಿಲ್ಲ. ಮದುವೆಯಾಗಿ ದುಬೈಗೆ ಹೊರಡುವ ಹುಡುಗಿಗೆ ಅದೊಂದನ್ನು ಜೊತೆಯಲ್ಲಿ ಕೊಂಡೊಯ್ಯುವ ಆಸೆ. ವಿಷಯ ಕಿವಿಗೆ ಬಿದ್ದದ್ದೇ ದಿನೇಶ, ಇಷ್ಟು ತಿಂಗಳು ಆ ಮನೆಯ ಚಾ ಕುಡಿದವನು, ತನ್ನ ಎರಡು ಕ್ಯಾಸೆಟ್ಟುಗಳನ್ನೂ ಮೇಜಿನ ಮೇಲಿಟ್ಟು, “ಒಂದು ತೆಗೆದುಕೊಳ್ಳಿ, ಅದರ ಮೇಲೆ ರೆಕಾರ್ಡ್ ಮಾಡಿ” ಎಂದ. ಯಾವುದು ಎಂದರೆ ಮಾತ್ರ ಬಾಯಿ ಬಿಡಲಿಲ್ಲ.

ಬಾಯಿ ಬಿಡಲು ನಾನಿದ್ದೆನಲ್ಲ. “ಇದರಲ್ಲಿ ಯೋಚಿಸುವುದಕ್ಕೆ ಎಂತ ಉಂಟು? ಅಳಿಸಬೇಕಾದದ್ದು ಸೋತ ಆಟ,” ಎಂದು ಎದ್ದುನಿಂತೆ. ಕುಳಿತು ವಾದಿಸುವ ಅಭ್ಯಾಸ ನನಗಿಲ್ಲ. ಆಟದ ಜೀವ ಅನಿಶ್ಚಯದಲ್ಲಿದೆ, ಫಲಿತಾಂಶ ಮೊದಲೇ ತಿಳಿದ ಸ್ಪರ್ಧೆ ಸ್ಪರ್ಧೆಯೇ ಅಲ್ಲ, ಒಬ್ಬನೇ ಆಡಿ ಗೆದ್ದದ್ದನ್ನು ಜೋಪಾನ ಮಾಡುವುದು ಎಂದರೆ ಸತ್ತ ಆಟದ ಹೆಣ ಕಾದಂತೆ ಎಂದೆಲ್ಲ ಹೇಳಿದೆ. ಹಸನಾಕ ಎಲೆಯಡಿಕೆ ಜಗಿಯುತ್ತಾ ಕೇಳಿಸಿಕೊಂಡು, “ಅಲ್ಲ ವಕೀಲರೇ, ಈಗ ನಮಗೆ ಎರಡರ ರಿಸಲ್ಟೂ ಗೊತ್ತುಂಟಲ್ಲ. ಗೊತ್ತಾದ ಮೇಲೆ ಎರಡೂ ಒಂದೇ ಅಲ್ವಾ?” ಎಂದರು. ನಾನಿನ್ನೂ ವಕೀಲನಾಗಿರಲಿಲ್ಲ, ಅವರು ಹಾಗೆ ಕರೆಯುತ್ತಿದ್ದದ್ದು ಛೇಡಿಸಲಿಕ್ಕೆ.

ನಿಜ ಹೇಳಬೇಕೆಂದರೆ ಆ ಮಾತು ನನ್ನನ್ನು ಒಂದು ಗಜ ಹಿಂದಕ್ಕೆ ತಳ್ಳಿತು. ನಮ್ಮೂರಿನವರು ಯಕ್ಷಗಾನದ ತಾಳಮದ್ದಳೆಗೆ ಹೋಗಿ ಕುಳಿತುಕೊಳ್ಳುವುದು ಯಾರು ಗೆಲ್ಲುತ್ತಾರೆಂದು ತಿಳಿಯಲು ಅಲ್ಲವಲ್ಲ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಕಥೆ ನೂರು ಸಲ ಕೇಳಿದ್ದೇ. ಸೋಲಲೇಬೇಕಾದ ಪಾತ್ರಕ್ಕೆ ಒಳ್ಳೆಯ ಅರ್ಥಧಾರಿ, ಪಾತ್ರದ ಮಾತಾಡುವವನು, ಕುಳಿತಿದ್ದಾನೆಂದರೆ ಸಭೆ ಮುಂದಕ್ಕೆ ಸರಿದು ಕುಳಿತುಕೊಳ್ಳುತ್ತದೆ. ಇವನು ಹೇಗೂ ಸೋಲುತ್ತಾನೆ, ಆದರೆ ಏನು ಹೇಳಿ ಸೋಲುತ್ತಾನೆ? ಇದು ನನಗೆ ಹೊಳೆಯಿತು, ಹೊಳೆದದ್ದನ್ನು ಹೇಳಲಿಲ್ಲ. ಎದುರು ಪಕ್ಷಕ್ಕೆ ಉಪಯೋಗವಾಗುವ ಮಾತನ್ನು ನುಂಗಿಕೊಳ್ಳುವುದು ಚರ್ಚಾಪಟುವಿನ ಮೊದಲ ವಿದ್ಯೆ.

ಆಗ ದಿನೇಶ ಮಾತಾಡಿದ. ಅದು ನಾನು ಕೇಳಿದ ಅವನ ಮೊದಲ ಉದ್ದದ ಕನ್ನಡ. ಒಂದೊಂದು ಪದವನ್ನೂ ಕಲ್ಲಿನ ಮೇಲೆ ಕಾಲಿಡುವವನ ಹಾಗೆ ಹುಡುಕಿ ಇಟ್ಟ. “ಗೆದ್ದ ದಿನ ಮನೆಯಲ್ಲಿ ತುಂಬ ಜನ. ಎಲ್ಲರೂ ಬೊಬ್ಬೆ. ಅಪ್ಪ ಎಲ್ಲಿ ಇದ್ದರು, ನನಗೆ ನೆನಪು ಇಲ್ಲ. ಸೋತ ದಿನ ಅರ್ಧ ಆಟಕ್ಕೆ ಎಲ್ಲರೂ ಎದ್ದು ಹೋದರು. ಅಪ್ಪ ಮತ್ತು ನಾನು ಮಾತ್ರ ಉಳಿದದ್ದು. ನೋಡಲಿಕ್ಕೆ ಏನೂ ಇರಲಿಲ್ಲ. ಅದಕ್ಕೆ ಅಪ್ಪ ಕಾರ್ಕಳದ ಕಥೆ ಹೇಳಿದರು. ಕೆರೆಯಲ್ಲಿ ಈಜಿದ್ದು, ಬಂಡೆ ಹತ್ತಿದ್ದು, ಶಾಲೆ ತಪ್ಪಿಸಿದ್ದು. ಅವರು ಅಷ್ಟು ಹೊತ್ತು ನನ್ನ ಹತ್ತಿರ ಕುಳಿತದ್ದು ಅದೊಂದೇ ಸಲ. ನಾನು ಇಲ್ಲಿಗೆ ಬಂದದ್ದು ಅದರಿಂದ.”

ಸುಮ್ಮನಿರಬೇಕಾದ ಜಾಗ ಅದು. ನಾನು ಸುಮ್ಮನಿರಲಿಲ್ಲ. “ಅದು ನೆನಪಿನ ಗುಣ ದಿನೇಶ, ಆಟದ ಗುಣವಲ್ಲ. ನಾವು ತೂಗುತ್ತಿರುವುದು ಆಟವನ್ನು,” ಎಂದೆ. ವಾದ ಸರಿಯಾಗಿಯೇ ಇತ್ತು, ಈಗಲೂ ಸರಿಯೆಂದೇ ಹೇಳುತ್ತೇನೆ. ದಿನೇಶ ತಲೆಯಾಡಿಸಿ ‘ಸೋತದ್ದು’ ಕ್ಯಾಸೆಟ್ಟನ್ನು ಹಸನಾಕನ ಕಡೆಗೆ ಸರಿಸಿದ. ಅದು ಮೇಜಿನ ಮೇಲೆ ಸರಿದ ಸದ್ದು ನನಗೆ ಇಷ್ಟವಾಗಲಿಲ್ಲ.

ಒಳಬಾಗಿಲ ಪರದೆಯ ಹಿಂದಿನಿಂದ ಝುಬೈದಾಳ ಧ್ವನಿ ಬಂತು. ಅವಳೂ ಉಡುಪಿಯಲ್ಲಿ ಓದಿದವಳು; ನನ್ನ ಚರ್ಚಾಸ್ಪರ್ಧೆಯ ದಿನ ತಂದೆಯ ಜೊತೆ ಸಭೆಯಲ್ಲಿದ್ದವಳು. “ವಕೀಲರೇ, ಒಂದು ಡೌಟು. ಆ ದಿನ ನಿಮಗೆ ತೀರ್ಪುಗಾರರು ಎಷ್ಟು ಜನ ವೋಟು ಹಾಕಿದ್ದು?”

“ಐದಕ್ಕೆ ಐದು,” ಎಂದೆ, ಕೇಳಿದ್ದಕ್ಕೆ ಸಂತೋಷಪಟ್ಟು.

“ನಿಮ್ಮ ಎದುರಿಗೆ ಇದ್ದ ಕಾರ್ಕಳದವರು ಪಾಪ ತಡವರಿಸುತ್ತಾ ಇದ್ದರು ಅಲ್ವಾ? ಅವರು ಬಾಯಿ ತೆರೆಯುವ ಮೊದಲೇ ನೀವು ಗೆದ್ದಾಗಿತ್ತು.”

“ಹೌದು.”

“ಹಾಗಾದರೆ ಒಬ್ಬರೇ ಆಡಿ ಗೆದ್ದ ಕ್ಯಾಸೆಟ್ಟು ನಿಮ್ಮ ಕಪಾಟಿನಲ್ಲಿಯೂ ಒಂದು ಉಂಟಲ್ಲ.”

ಹಸನಾಕನಿಗೆ ನಗು ತಡೆಯಲಾಗದೆ ಎಲೆಯಡಿಕೆ ನೆತ್ತಿಗೆ ಹತ್ತಿತು. “ವಕೀಲರೇ, ಇವಳನ್ನು ನಾನು ದುಬೈಗೆ ಕಳಿಸುವುದು ನಿಮ್ಮ ಪುಣ್ಯ ಮಾರಾಯ್ರೆ. ಕೋರ್ಟಿಗೆ ಕಳಿಸಿದ್ದರೆ?” ಎಂದರು. ಅನಿಶ್ಚಯ, ಸ್ಪರ್ಧೆ, ಹೆಣ ಕಾಯುವುದು: ನನ್ನ ಒಂದೊಂದು ಮಾತೂ ದಿಂಬು ಕಟ್ಟಿಕೊಂಡು ನನ್ನ ಮೇಲೆಯೇ ಬೀಳುತ್ತಿತ್ತು. ನಾಲ್ಕೂ ಅವಕಾಶ ಮುಗಿದಿತ್ತು. ಚೆಂಡನ್ನು ಕೊಡಬೇಕಾಗಿತ್ತು, ಕೊಟ್ಟೆ.

ಮರುದಿನ ಬೆಳಿಗ್ಗೆ ಗಾಜಿನ ಕಪಾಟಿನಿಂದ ನನ್ನ ಚರ್ಚಾಸ್ಪರ್ಧೆಯ ಕ್ಯಾಸೆಟ್ಟನ್ನು ತೆಗೆದು, ಹಿಡಿದುಕೊಂಡು ಕಾಪುವಿನ ಬಸ್ಸು ಹತ್ತಿದೆ. ಕಟಪಾಡಿಯಲ್ಲಿ ಶಂಕರಪುರದ ಮಲ್ಲಿಗೆಯ ದೊಡ್ಡ ಕಟ್ಟು ಹೊತ್ತ ಹೆಂಗಸೊಬ್ಬರು ಹತ್ತಿ, ಪಕ್ಕದಲ್ಲಿ ಕುಳಿತು, ಮಡಿಲಲ್ಲಿಟ್ಟುಕೊಂಡದ್ದು ಎಂತ ಎಂದು ಕೇಳಿದರು. ಮದುವೆಮನೆಗೆ ಎಂದೆ. ನಮ್ಮದೂ ಅಲ್ಲಿಗೇ ಎಂದು ನಕ್ಕರು. ತ್ಯಾಗ ಮಾಡುವವನ ಗಾಂಭೀರ್ಯದಿಂದ ಹೊರಟಿದ್ದ ನಾನು ಮಲ್ಲಿಗೆಯ ಪರಿಮಳದಲ್ಲಿ ಕಾಪು ತಲುಪುವಷ್ಟರಲ್ಲಿ ಬರಿಯ ಸಾಮಾನು ತಲುಪಿಸುವವನಾಗಿದ್ದೆ. ಅದರಲ್ಲಿ ಒಂದು ಹಗುರವಿತ್ತು. ಯಾರೂ ಮೇಲೆ ರೆಕಾರ್ಡ್ ಮಾಡಬಾರದೆಂದು ಹಿಂದೊಮ್ಮೆ ನಾನೇ ಕ್ಯಾಸೆಟ್ಟಿನ ಅಂಚಿನ ಪ್ಲಾಸ್ಟಿಕ್ ಚೂರನ್ನು ಮುರಿದಿದ್ದೆ. ಆ ತೂತಿನ ಮೇಲೆ ಅಂಟುಪಟ್ಟಿ ಹಚ್ಚಿ, ನಾನೇ ಹಾಕಿದ ಬೀಗವನ್ನು ನಾನೇ ತೆಗೆದೆ. ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಂದಿದ್ದೆ. ಬಹುಮಾನದ ಹೆಸರನ್ನಾದರೂ ಉಳಿಸಿಕೊಳ್ಳುವ ಆಸೆ; ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಪೆಟ್ಟಿಗೆಗೆ ಗುಂಡಿ ತುಂಬಿಸಿ ತಂದೆ ಅದಕ್ಕೂ ಒಂದು ಗತಿ ಕಾಣಿಸಿದರು.

ಮೈಲಾಂಜಿ ಚೆನ್ನಾಗಿ ನಡೆಯಿತಂತೆ. ಹೆಂಗಸರ ಕೂಟವಾದ್ದರಿಂದ ಕ್ಯಾಮೆರಾ ಹಿಡಿದದ್ದು ಝುಬೈದಾಳ ಸೋದರತ್ತೆ. ನಾವು ಗಂಡಸರು ಅಂಗಳದಲ್ಲಿ ಕುಳಿತು ಹಾಡನ್ನಷ್ಟೇ ಕೇಳಿದೆವು. ಭಾಷೆ ಪೂರ್ತಿ ತಿಳಿಯಲಿಲ್ಲ. ದಿನೇಶನಿಗೆ ತಿಳಿದದ್ದು ನನಗಿಂತಲೂ ಕಡಿಮೆ. ಆದರೂ ಅವನೇ ನನಗಿಂತ ಚೆನ್ನಾಗಿ ಕೇಳುತ್ತಿದ್ದ. ಅವನ ಎರಡು ಕ್ಯಾಸೆಟ್ಟುಗಳೂ ಜೋಳಿಗೆಯಲ್ಲಿ ಜೊತೆಯಾಗಿದ್ದವು.

ಕಳೆದ ತಿಂಗಳು ಹಸನಾಕನ ಅಂಗಡಿಯ ವಿಳಾಸಕ್ಕೆ ದುಬೈಯಿಂದ ಬಂದ ಕಾಗದದಲ್ಲಿ ನನಗೂ ನಾಲ್ಕು ಸಾಲಿದ್ದವು. ಅಜ್ಜಿಯ ಹಾಡುಗಳು ಮುಗಿದ ಮೇಲೂ ಕ್ಯಾಸೆಟ್ಟಿನಲ್ಲಿ ಸ್ವಲ್ಪ ಜಾಗ ಉಳಿದಿದೆಯಂತೆ. ಮೊದಲು ಮಾತಾಡಿದವನು ನಾನಾದ್ದರಿಂದ ನನ್ನ ವಾದವೆಲ್ಲ ಹಾಡಿನ ಅಡಿಯಲ್ಲಿ ಹೂತುಹೋಗಿದೆ. ಕೊನೆಯ ಹಾಡು ನಿಂತದ್ದೇ, ಸೋತ ಆ ಕಾರ್ಕಳದ ಹುಡುಗ ಅರ್ಧ ವಾಕ್ಯದಿಂದ ಎದ್ದು ಬರುತ್ತಾನೆ. ‘ಸ್ಪರ್ಧೆಯಿಲ್ಲದೆ ಪ್ರಗತಿಯಿಲ್ಲ’ ಎಂಬ ವಿಷಯಕ್ಕೆ ವಿರೋಧವಾಗಿ ಅವನು ತಡವರಿಸುತ್ತಾ ಹೇಳಿದ ಐದು ನಿಮಿಷ ಹಾಗೆಯೇ ಉಳಿದಿದೆ. ಝುಬೈದಾ ಬರೆದಿದ್ದಳು: “ಆ ದಿನ ನಾವು ಯಾರೂ ಸರಿಯಾಗಿ ಕೇಳಲಿಲ್ಲ ವಕೀಲರೇ. ಈಗ ಇಪ್ಪತ್ತು ಸಲ ಕೇಳಿದೆ. ಅವರು ಹೇಳಿದ್ದರಲ್ಲಿ ವಿಷಯ ಉಂಟು.”

ಇರಲಿಕ್ಕಿಲ್ಲ ಎಂಬುದು ನನ್ನ ಮೊದಲ ಅಭಿಪ್ರಾಯ. ಆದರೆ ಸಾಕ್ಷ್ಯ ನೋಡದೆ ಅಭಿಪ್ರಾಯ ಹೇಳಬಾರದೆಂದು ಈ ಭಾನುವಾರ ಕಾರ್ಕಳಕ್ಕೆ ಹೋಗಿ ಆ ಹುಡುಗನನ್ನು ಹುಡುಕಿ, ಅವನು ಆ ದಿನ ಏನು ಹೇಳಿದ್ದನೆಂದು ಕೇಳಿ ಬರುವುದೆಂದುಕೊಂಡಿದ್ದೇನೆ; ಈ ಸಲ ಕುಳಿತುಕೊಂಡು. ಅವನನ್ನು ನೋಡಲು ಹೋಗುವ ಅಂಗಿಗೆ ಮೇಲಿನದೊಂದು ಗುಂಡಿಯಿಲ್ಲ. ತಂದೆ ‘ಪ್ರಥಮ ಬಹುಮಾನ’ವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬಿಳಿಯದು ಇನ್ನೊಂದು ಇರಬೇಕು ಎನ್ನುತ್ತಿದ್ದಾರೆ.